ಹಳೇ ಟ್ರಕ್ಕಿಗೊಂದು ಕೂಲರ್

ಮಾರ್ಚ್ 10, 2024, ಭಾನುವಾರ. ಮೇಸಾ, ಅರಿಜೋನಾ

ನಿನ್ನೆ ಟ್ರೇಲರ್ ಕಟ್ಟಿಕೊಂಡು ಪೇಸನ್‌ಗೆ ಹೋಗಿ, ರಾತ್ರಿ ಅಲ್ಲೇ ಇದ್ದು ಇವತ್ತು ಮಧ್ಯಾಹ್ನ ವಾಪಸು. ಹೊರಡುವ ಮುಂಚೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಓಬಿಡಿ ರೀಡರ್ ಸಿಕ್ಕಿಸಿ, ಗೇರ್‌ಬಾಕ್ಸ್ ಆಯಿಲ್ ಎಷ್ಟು ಬಿಸಿಯಿದೆ ಅಂತ ಫೋನಿನಲ್ಲಿ ಕಾಣುವ ಹಾಗೆ ಮಾಡಿದ್ದೆ. ಓದಿ ಹೇಳುವ ಕೆಲಸ ಮಗನದು. ಮೇಸಾ ಬಿಡುವಾಗ 165 ಡಿಗ್ರಿ ಫ್ಯಾರನ್‌ಹೀಟ್. ಸಗುವಾರೊ ಕಳ್ಳಿಗಳ ಬಯಲು ಮುಗಿದು ಸನ್‌ಫ್ಲವರ್ ಹತ್ತಿರ ಬಂದಾಗ 190. ಅಲ್ಲಿಂದಾಚೆ ಬೀಲೈನ್ ಹೆದ್ದಾರಿ ಮೌಂಟ್ ಓರ್ಡ್ ಮಗ್ಗುಲಲ್ಲಿ ಏರುತ್ತದಲ್ಲ, ಅಲ್ಲಿ ಅವನ ಬಾಯಿಗೆ ಬಿಡುವೇ ಇರಲಿಲ್ಲ: 205, 214, 221. ಏರು ಮುಗಿಯುವಾಗ 231.

ಇಷ್ಟಾದರೂ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಬಿಸಿಯ ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಅದನ್ನೇ ನಂಬಿಕೊಂಡಿದ್ದರೆ ಎಲ್ಲ ಸರಿಯಾಗಿದೆ ಅಂದುಕೊಂಡು ಹಾಡು ಕೇಳುತ್ತಾ ಹೋಗುತ್ತಿದ್ದೆವು. ಆ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು. ಗೇರ್‌ಬಾಕ್ಸಿನ ಕಷ್ಟ ಅದಕ್ಕೆ ಗೊತ್ತಾಗುವುದಿಲ್ಲ. ರೀಡರ್ ತೋರಿಸುವುದು ಕೂಡ ಕೆಳಗಿನ ಚೇಂಬರಿನಲ್ಲಿ ಒಟ್ಟಾದ ಎಣ್ಣೆಯ ಬಿಸಿ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯದ ಕನ್ವರ್ಟರಿನಿಂದ ಆಗತಾನೇ ಹೊರಬರುವ ಎಣ್ಣೆ ಇದಕ್ಕಿಂತ ಬಿಸಿಯಾಗಿರುತ್ತದೆ.

ಮುಂದೆ ನೋಡಿಕೊಳ್ಳುವುದಕ್ಕೆ ಇರಲಿ ಅಂತ ಬರೆದಿಡುತ್ತೇನೆ: ಗಾಡಿ 2004ರ ಶೆವ್ರೊಲೆ ಸಿಲ್ವರಾಡೊ 1500, 5.3 ಲೀಟರಿನ ವಿ8, ನಾಲ್ಕು ಗೇರಿನ ಆಟೊಮ್ಯಾಟಿಕ್ 4ಎಲ್60-ಇ. ಹಿಂದೆ ಎಳೆಯುವ ಟ್ರೇಲರ್ ಸಾಮಾನೆಲ್ಲ ತುಂಬಿದಾಗ ಸುಮಾರು 3500 ಪೌಂಡ್. ಮೇಸಾದಿಂದ ಪೇಸನ್‌ಗೆ ಮೂರೂವರೆ ಸಾವಿರ ಅಡಿಗಿಂತ ಹೆಚ್ಚು ಏರು.

ಮಾರ್ಚ್ 12, ಮಂಗಳವಾರ

ಅಣ್ಣನಿಗೆ ಫೋನ್ ಮಾಡಿದೆ. ಮೊನ್ನೆ ಭಾನುವಾರ ದೇಶವೆಲ್ಲ ಗಡಿಯಾರ ಮುಂದೆ ತಿರುಗಿಸಿತು; ಅರಿಜೋನಾಕ್ಕೆ ಆ ರಗಳೆ ಇಲ್ಲ, ಹಾಸನಕ್ಕೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯೇ ಅಂತರ. ಇಲ್ಲಿ ಊಟ ಮುಗಿಸಿ ಕೂತರೆ ಅಲ್ಲಿ ತಿಂಡಿಯ ಹೊತ್ತು.

ಗೇರ್ ಆಯಿಲ್ ತಣ್ಣಗಾಗಿಸಲು ಬೇರೆ ಕೂಲರ್ ಹಾಕಬೇಕು ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ.

“ಗೇರ್ ಆಯಿಲ್‌ಗೆ ರೇಡಿಯೇಟರಾ? ಏನೋ ಅದು? ನಮ್ ಗಾಡೀಲಿ ಎಣ್ಣೆ ಹೊಯ್ದು ಬೋಲ್ಟ್ ಬಿಗಿದ್ರೆ ವರ್ಷಗಟ್ಲೆ ಆ ಕಡೆ ತಿರುಗೂ ನೋಡಲ್ಲ.”

ನಿಜವೇ. ಅವನು ಆಯುಷ್ಯವೆಲ್ಲ ಓಡಿಸಿದ್ದು ಕ್ಲಚ್ ತುಳಿದು ಗೇರ್ ಹಾಕುವ ಲಾರಿಗಳನ್ನು. ಅಲ್ಲಿ ಹಲ್ಲಿಗೆ ಹಲ್ಲು ಕೂತರೆ ಮುಗಿಯಿತು, ಎಣ್ಣೆಯ ಕೆಲಸ ಜಿಡ್ಡಾಗಿರುವುದಷ್ಟೇ. ಇಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಕ್ಲಚ್ ಪ್ಲೇಟಿನ ಬದಲು ಎಣ್ಣೆ ತುಂಬಿದ ಕನ್ವರ್ಟರ್ ಇದೆ, ಇಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಎರಚುತ್ತವೆ, ಆ ಎಣ್ಣೆ ಆಚೆ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ, ಎರಡರ ವೇಗಕ್ಕೆ ಎಷ್ಟು ವ್ಯತ್ಯಾಸವೋ ಅಷ್ಟೂ ಶಕ್ತಿ ಎಣ್ಣೆಯ ಬಿಸಿಯಾಗಿ ಹೋಗುತ್ತದೆ ಅಂತ ವಿವರಿಸಿದೆ. ಸಮತಟ್ಟಿನಲ್ಲಿ ಒಳಗಿನ ಲಾಕು ಬಿದ್ದು ಎರಡೂ ಒಟ್ಟಿಗೆ ತಿರುಗುತ್ತವೆ. ಏರಿನಲ್ಲಿ ಭಾರ ಬಿದ್ದಾಗ ಲಾಕು ಬಿಟ್ಟುಕೊಳ್ಳುತ್ತದೆ.

“ಅಂದ್ರೆ ಹಾಫ್ ಕ್ಲಚ್ಚಲ್ಲಿ ಶಿರಾಡಿ ಹತ್ತಿದಂಗೆ ಅನ್ನು. ಕಾಯ್ದೆ ಇನ್ನೇನಾಗುತ್ತೆ?”

ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಆಮೇಲೆ ಅವನದು ಒಂದೇ ಪ್ರಶ್ನೆ: “ಯಾವ ಗೇರಲ್ಲಿ ಹತ್ತಿದೆ?”

“ಅದೇ ಹಾಕ್ಕೊಳುತ್ತಲ್ಲಣ್ಣ.”

“ಎಲ್ಲಾ ಅದೇ ಹಾಕ್ಕೊಂಡ್ರೆ ನೀನ್ಯಾಕೋ ಸ್ಟೇರಿಂಗ್ ಮುಂದೆ ಕೂತಿರೋದು?”

ಮಾರ್ಚ್ 24, ಭಾನುವಾರ

ಮತ್ತೆ ಅದೇ ರಸ್ತೆ, ಅದೇ ಟ್ರೇಲರ್, ಹೆಚ್ಚುಕಡಿಮೆ ಅದೇ ಹವೆ. ಈ ಸಲ ಸನ್‌ಫ್ಲವರ್‌ಗೆ ಮುಂಚೆಯೇ ಗೇರ್ ಕಡ್ಡಿಯ ತುದಿಯ ಟೋ-ಹಾಲ್ ಗುಂಡಿ ಒತ್ತಿ, ಓವರ್‌ಡ್ರೈವ್ ಬಿಡಿಸಿ ಮೂರನೇ ಗೇರಿಗೆ ಇಳಿಸಿಕೊಂಡೆ. ವೇಗ ಗಂಟೆಗೆ 55 ಮೈಲಿ, ಬಲಗಡೆಯ ಸಾಲು. ಇಂಜಿನ್ ಸದ್ದು ಜಾಸ್ತಿ, ಹೆಂಡತಿಗೆ ಕಿರಿಕಿರಿ. ಆದರೆ ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಗಾಡಿ ಒದ್ದಾಡುವುದು ನಿಂತಿತು. ಲಾಕು ಬಿದ್ದರೆ ಟ್ಯಾಕೋಮೀಟರ್ ಮುಳ್ಳು ಸ್ವಲ್ಪ ಕೆಳಗಿಳಿದು ನಿಂತುಬಿಡುತ್ತದೆ. ಬಹಳಷ್ಟು ದೂರ ಹಾಗೇ ನಿಂತಿತ್ತು.

ತುದಿಯಲ್ಲಿ 212. ಕಾಸಿನ ಖರ್ಚಿಲ್ಲದೆ 19 ಡಿಗ್ರಿ ಕಡಿಮೆ.

ಅಣ್ಣನಿಗೆ ಸಂದೇಶ ಕಳಿಸಿದೆ. ಅವನಿಂದ ಹೆಬ್ಬೆರಳಿನ ಚಿತ್ರ ಬಂತು, ಅಷ್ಟೇ. ಅದರಲ್ಲೂ ಒಂದು ಗತ್ತು.

ಆದರೂ ಇದು ಮಾರ್ಚ್. ಜುಲೈನಲ್ಲಿ ಇದೇ ರಸ್ತೆಯ ಬುಡದಲ್ಲಿ ಗಾಳಿಯೇ 110 ಡಿಗ್ರಿ ಇರುತ್ತದೆ. ಹೋದ ವರ್ಷ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಮುಟ್ಟಿತ್ತು. ಗಾಳಿ 30 ಡಿಗ್ರಿ ಏರಿದರೆ ಎಣ್ಣೆ ಸುಮ್ಮನಿರುತ್ತದೆಯೇ? ಕೂಲರ್ ಬೇಕೇ ಬೇಕು. ಎಂಥದ್ದು ಅನ್ನುವುದು ಮಾತ್ರ ತೀರ್ಮಾನವಾಗಬೇಕು.

ಮಾರ್ಚ್ 30, ಶನಿವಾರ

ಎದುರುಮನೆ ಯಜಮಾನರು ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಅಂಗಡಿಯಲ್ಲಿ ದುಡಿದು ನಿವೃತ್ತರಾದವರು. ಕೂಲರ್ ಮಾತೆತ್ತಿದ ತಕ್ಷಣ ಬ್ರಾಂಡು ಗೀಂಡು ಯಾವುದನ್ನೂ ಕೇಳಲಿಲ್ಲ. ಡಿಪ್‌ಸ್ಟಿಕ್ ಎಳೆದು ತಾ ಅಂದರು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಮೂಗಿನ ಹತ್ತಿರ ಹಿಡಿದು, ಬೆರಳ ತುದಿಯಲ್ಲಿ ಉಜ್ಜಿ ನೋಡಿದರು. ಹನಿ ಹರಡಿತು. ಕೆಂಪು ಕಂದಿದೆ, ಆದರೆ ಕಪ್ಪಾಗಿಲ್ಲ. ಸುಟ್ಟ ವಾಸನೆ ಇಲ್ಲ. ಬೆರಳಿಗೆ ಪುಡಿ ಹತ್ತಲಿಲ್ಲ.

“ಇದು ಕಪ್ಪಗಿದ್ದು ನಾತ ಹೊಡೆಯುತ್ತಿದ್ದರೆ ಕೂಲರ್‌ಗೆ ಒಂದು ಡಾಲರೂ ಹಾಕಬೇಡ ಅನ್ನುತ್ತಿದ್ದೆ” ಅಂದರು. ಈ ಗೇರ್‌ಬಾಕ್ಸಿನಲ್ಲಿ ಮೊದಲು ಸೋಲುವುದು ಮೂರು-ನಾಲ್ಕರ ಕ್ಲಚ್ ಪ್ಲೇಟುಗಳಂತೆ. ಸುಟ್ಟುಹೋದ ಪ್ಲೇಟನ್ನು ಯಾವ ಕೂಲರೂ ಮತ್ತೆ ಬದುಕಿಸುವುದಿಲ್ಲ.

ಅವರು ಬಾಯಿಪಾಠದಲ್ಲೇ ಹೇಳಿದ ಲೆಕ್ಕವೊಂದಿದೆ, ಇಲ್ಲಿನ ಗೇರ್‌ಬಾಕ್ಸ್ ಅಂಗಡಿಗಳ ಗೋಡೆಯ ಮೇಲೆ ಅದರ ಪಟ್ಟಿ ತೂಗಾಡುತ್ತಿರುತ್ತದೆ: 175 ಡಿಗ್ರಿಯಲ್ಲಿ ಎಣ್ಣೆ ಲಕ್ಷ ಮೈಲಿ ಬರುತ್ತದೆ, ಅಲ್ಲಿಂದ ಮೇಲೆ ಪ್ರತಿ 20 ಡಿಗ್ರಿಗೂ ಆಯುಷ್ಯ ಅರ್ಧ. 195ಕ್ಕೆ ಐವತ್ತು ಸಾವಿರ, 215ಕ್ಕೆ ಇಪ್ಪತ್ತೈದು. 240 ಮುಟ್ಟಿದರೆ ಎಣ್ಣೆ ಅಂಟಂಟಾಗಿ ಕವಾಟಗಳಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕೂ ಮೇಲೆ ಹೋದರೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. ಹಳೇ ಎಣ್ಣೆಗಳ ಕಾಲದ ಪಟ್ಟಿ ಇದು; ಈಗ ಹಾಕುವ ಡೆಕ್ಸ್‌ರಾನ್ 6 ಇನ್ನಷ್ಟು ತಾಳುತ್ತದೆ. ಆದರೂ ಯಾವ ಕಡೆಗೆ ಜಾರುತ್ತಿದ್ದೇವೆ ಅಂತ ತಿಳಿಯಲು ಸಾಕು.

ಆಮೇಲೆ ಗ್ಲೋವ್ ಬಾಕ್ಸಿನ ಒಳಗೆ ಅಂಟಿಸಿರುವ ಚೀಟಿ ನೋಡಲು ಹೇಳಿದರು. ಕಾರ್ಖಾನೆಯಲ್ಲಿ ಯಾವ್ಯಾವುದನ್ನು ಹಾಕಿ ಕಳಿಸಿದ್ದಾರೋ ಅದೆಲ್ಲ ಮೂರು ಮೂರು ಅಕ್ಷರಗಳ ಸಂಕೇತವಾಗಿ ಅಲ್ಲಿರುತ್ತದೆ. ಕೆಎನ್‌ಪಿ ಅಂತಿದ್ದರೆ ಗೇರ್‌ಬಾಕ್ಸಿಗೆ ಪ್ರತ್ಯೇಕ ಕೂಲರ್ ಮೊದಲಿನಿಂದಲೇ ಇದೆ ಅಂತ. ಓದುಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಬೆರಳಾಡಿಸಿದೆ, ಇಲ್ಲ. ಟಾರ್ಚ್ ಬಿಟ್ಟು ಗ್ರಿಲ್ ಸಂದಿಯಿಂದ ಇಣುಕಿದರೂ ಏಸಿ ಕಂಡೆನ್ಸರ್ ಮುಂದೆ ಬರೀ ಖಾಲಿ ಜಾಗ, ಒಂದಷ್ಟು ಒಣಗಿದ ಮಿಡತೆಗಳು.

ಏಪ್ರಿಲ್ 6, ಶನಿವಾರ

ವಾರವಿಡೀ ಇದೇ ಯೋಚನೆ. ಮಾರುಕಟ್ಟೆಯಲ್ಲಿ ಮೂರು ಜಾತಿ. ಒಂದೇ ಕೊಳವೆಯನ್ನು ಹಾವಿನ ಹಾಗೆ ಸುತ್ತಿ ರೆಕ್ಕೆ ಹೊಡೆದಿರುವುದು ಅಗ್ಗ. ಅಗಲದ ಪಟ್ಟಿಗಳ ಮಧ್ಯೆ ರೆಕ್ಕೆಯಿರುವುದು ಅದಕ್ಕಿಂತ ಮೇಲು. ತೆಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿರುವುದು ಎಲ್ಲಕ್ಕಿಂತ ಮೇಲು. ಮೊದಲನೆಯದರಲ್ಲಿ ಎಣ್ಣೆ ಇಡೀ ಉದ್ದಕ್ಕೂ ಒಂದೇ ದಾರಿಯಲ್ಲಿ ಹರಿಯಬೇಕು. ಪೇರಿಸಿದ ತಟ್ಟೆಗಳಲ್ಲಿ ಹಲವು ದಾರಿ ಒಟ್ಟಿಗೆ, ಹಾಗಾಗಿ ತಡೆ ಕಡಿಮೆ, ಗಾಳಿಗೆ ಸಿಗುವ ಮೈ ಹೆಚ್ಚು. ಈ ಜಾತಿಯ ಕೆಲವದರಲ್ಲಿ ಇನ್ನೊಂದು ಅನುಕೂಲ: ಚಳಿಗೆ ಎಣ್ಣೆ ಮಂದವಾಗಿ ಒತ್ತಡ ಏರಿದರೆ ಅದು ತಟ್ಟೆಗಳ ಒಳಗೆ ಹೋಗದೆ ಅಡ್ಡದಾರಿಯಲ್ಲಿ ದಾಟಿಕೊಳ್ಳುತ್ತದೆ. ಮೇಸಾದಲ್ಲಿ ಇದರ ಅಗತ್ಯವಿಲ್ಲ. ಆದರೆ ಮಗ ಓದುವುದು ಫ್ಲಾಗ್‌ಸ್ಟಾಫ್‌ನಲ್ಲಿ, ಸುಮಾರು 7000 ಅಡಿ ಎತ್ತರ, ಜನವರಿಯಲ್ಲಿ ಹಿಮ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೆ.

ಡಬ್ಬಿಗಳ ಮೇಲೆ ದೊಡ್ಡದಾಗಿ ಬರೆದಿರುವುದು ಇಷ್ಟು ಸಾವಿರ ಪೌಂಡಿನ ಗಾಡಿಗೆ ಅನ್ನುವ ಅಂಕಿ. ಹೇಡನ್, ಡೆರಾಲಿ, ಟ್ರೂ-ಕೂಲ್ ಎಲ್ಲವನ್ನೂ ಹಾಗೇ ಮಾರುತ್ತಾರೆ. ಕೊಳ್ಳುವವರು ಆ ಅಂಕಿ ನೋಡಿಯೇ ಒಂದು ಮೆಟ್ಟಿಲು ಮೇಲಿನದಕ್ಕೆ ಹೋಗುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ರಟ್ಟಿನ ತುಂಡು. ಹಾಲಿನ ಡಬ್ಬಿಗಳು ಬಂದಿದ್ದ ಪೆಟ್ಟಿಗೆ ಕತ್ತರಿಸಿ, ಕೂಲರ್ ಅಳತೆಗೆ ರಟ್ಟು ಮಾಡಿ, ಗ್ರಿಲ್ ಬಿಚ್ಚಿ ಆ ಜಾಗದಲ್ಲಿ ಇಟ್ಟು ನೋಡಿದೆ. ದೊಡ್ಡದರ ಅಳತೆಯ ರಟ್ಟು ಕೂತಿತು, ಆದರೆ ಅದರ ಕಾಲುಭಾಗ ಬಂಪರ್ ಮರೆಗೆ ಹೋಯಿತು. ಗಾಳಿ ಬೀಳದ ಜಾಗದಲ್ಲಿ ಕೂಲರ್ ಎಷ್ಟು ದೊಡ್ಡದಿದ್ದರೇನು? ಮಧ್ಯಮ ಗಾತ್ರದ ಪೇರಿಕೆ ತಟ್ಟೆಯದು ಪೂರಾ ಗಾಳಿಗೆ ಎದುರಾಗಿ ಕೂತಿತು. ಅದೇ ಸರಿ.

ಫ್ಯಾನ್ ಸಮೇತ ಬರುವ ಕೂಲರುಗಳೂ ಇವೆ, ಗಾಡಿಯ ಹೊಟ್ಟೆ ಕೆಳಗೆ ಎಲ್ಲಿ ಬೇಕಾದರೂ ಕಟ್ಟಬಹುದು. ಪೇಸನ್‌ನಿಂದ ಮೇಲೆ ಮೊಗೊಲ್ಲನ್ ರಿಮ್ ಕಡೆಯ ಕಾಡುದಾರಿಗಳಲ್ಲಿ ಕಲ್ಲು ಸಿಡಿಯುವುದು ನೋಡಿದ್ದೇನೆ. ಬೇಡ.

ತಲೆಕೆಡಿಸಿದ್ದು ಬೇರೆ ವಿಷಯ. ಈಗ ಎಣ್ಣೆ ರೇಡಿಯೇಟರಿನ ಪಕ್ಕದ ತೊಟ್ಟಿಯೊಳಗಿರುವ ಕೊಳವೆಯಲ್ಲಿ ಹಾದು ವಾಪಸು ಬರುತ್ತದೆ. ಹೊಸ ಕೂಲರನ್ನು ಇದರ ಜೊತೆಗೆ ಸೇರಿಸುವುದೋ, ಇದನ್ನು ಬಿಟ್ಟು ಅದೊಂದನ್ನೇ ಇಟ್ಟುಕೊಳ್ಳುವುದೋ? ಬಿಡಬೇಕು ಅನ್ನುವವರ ಮಾತಿಗೆ ಬಲವಿದೆ: ಇಪ್ಪತ್ತು ವರ್ಷದ ರೇಡಿಯೇಟರ್ ಒಳಗೆ ತೂತಾದರೆ ಕೂಲೆಂಟ್ ಎಣ್ಣೆಗೆ ಬೆರೆಯುತ್ತದೆ, ಕ್ಲಚ್ ಪ್ಲೇಟಿನ ಲೈನಿಂಗ್ ಹಿಡಿದಿಡುವ ಅಂಟು ಬಿಡುತ್ತದೆ, ಆಮೇಲೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕು. ಆದರೆ ಸಿಗ್ನಲ್‌ನಲ್ಲಿ 110 ಡಿಗ್ರಿ ಬಿಸಿಲಲ್ಲಿ ನಿಂತಾಗ ಮುಂದಿನ ಕೂಲರ್‌ಗೆ ಗಾಳಿ ಎಲ್ಲಿಂದ ಬರಬೇಕು? ಎಣ್ಣೆಯ ಬಿಸಿಯನ್ನು ಗಾಳಿಗಿಂತ ನೀರು ಬೇಗ ಎಳೆದುಕೊಳ್ಳುತ್ತದೆ, ಚಳಿಯಲ್ಲಿ ಅದೇ ನೀರು ಎಣ್ಣೆಯನ್ನು ಬೇಗ ಕೆಲಸದ ಬಿಸಿಗೆ ತರುತ್ತದೆ. ರೇಡಿಯೇಟರಿನ ಭಯವಿದ್ದರೆ ರೇಡಿಯೇಟರನ್ನೇ ಬದಲಾಯಿಸುವುದು ಸರಿ, ಅದನ್ನು ದಾರಿಯಿಂದ ಕಿತ್ತುಹಾಕುವುದಲ್ಲ. ಎರಡನ್ನೂ ಆರ್ಡರ್ ಮಾಡಿದೆ.

“ಕೂಲರ್‌ಗಿಂತ ಅದರ ಜೊತೆಗೆ ಬರೋದಕ್ಕೇ ದುಡ್ಡು ಜಾಸ್ತಿ ಆಯ್ತಲ್ಲ” ಅಂದಳು ಇವಳು. ಉತ್ತರ ಕೊಡಲಿಲ್ಲ.

ಏಪ್ರಿಲ್ 9, ಮಂಗಳವಾರ

ಯುಗಾದಿ. ಚಾಂಡ್ಲರ್‌ನ ಸ್ನೇಹಿತರ ಹಿತ್ತಿಲಿನಿಂದ ಬೇವು ಬಂತು, ಒಬ್ಬಟ್ಟಿಗೆ ಹೂರಣ ನಾನೇ ರುಬ್ಬಿದೆ. ಪಾರ್ಸೆಲ್ ಬಂತು, ಬಿಚ್ಚಲಿಲ್ಲ.

ಏಪ್ರಿಲ್ 13, ಶನಿವಾರ

ಬೆಳಿಗ್ಗೆ ಆರಕ್ಕೇ ಶುರು. ಮಗ ಊರಿಗೆ ಬಂದಿದ್ದ. ಎದುರುಮನೆ ಯಜಮಾನರು ಕುರ್ಚಿ ತಂದು ಗರಾಜಿನ ಬಾಗಿಲಲ್ಲಿ ಕೂತರು, ಕೈ ಹಾಕುವುದಿಲ್ಲ ಅನ್ನುವ ಕರಾರಿನ ಮೇಲೆ.

ಮೊದಲು ಪೈಪುಗಳ ದಿಕ್ಕು. ಎರಡು ಉಕ್ಕಿನ ಪೈಪು ಗೇರ್‌ಬಾಕ್ಸಿನಿಂದ ರೇಡಿಯೇಟರಿನ ಬಲಮಗ್ಗುಲಿಗೆ ಬರುತ್ತವೆ. ಒಂದನ್ನು ಬಿಡಿಸಿ, ಕೆಳಗೆ ಬಕೆಟ್ ಇಟ್ಟು, ಮಗನಿಗೆ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡು ಅಂದೆ. ಎಣ್ಣೆ ಚಿಮ್ಮಿದ್ದು ರೇಡಿಯೇಟರಿನ ಬಾಯಿಂದ. ಅಂದರೆ ಬಿಡಿಸಿದ ಪೈಪು ವಾಪಸಿನದು. ನಮಗೆ ಬೇಕಾದದ್ದು ಅದೇ: ಗೇರ್‌ಬಾಕ್ಸಿನಿಂದ ರೇಡಿಯೇಟರ್, ಅಲ್ಲಿಂದ ಹೊಸ ಕೂಲರ್, ಅಲ್ಲಿಂದ ಮನೆಗೆ. ಕೊನೆಯ ತಂಪು ಕೂಲರಿನದೇ ಆಗಿರಬೇಕು. ಉಲ್ಟಾ ಆದರೆ ತಣ್ಣಗಾದ ಎಣ್ಣೆ ಹೋಗಿ ಬಿಸಿ ಕೂಲೆಂಟಿನಲ್ಲಿ ಮತ್ತೆ ಕಾಯುತ್ತದೆ.

ಈ ಪೈಪುಗಳ ತುದಿ ರೇಡಿಯೇಟರಿನಲ್ಲಿ ಕೂರುವುದು ಸಣ್ಣ ತಂತಿ ಕ್ಲಿಪ್ಪಿನಿಂದ, ಮೇಲೊಂದು ಪ್ಲಾಸ್ಟಿಕ್ ಟೋಪಿ. ಚೂಪು ಕೊಕ್ಕೆಯಿಂದ ಒಂದು ಕಡೆ ಎತ್ತಿದರೆ ಟಣ್ ಅಂತ ಎಗರಿ ಎಲ್ಲೋ ಬೀಳುತ್ತದೆ. ಯಜಮಾನರು ಮೊದಲೇ ಹೇಳಿದ್ದರಿಂದ ಹೊಸ ಕ್ಲಿಪ್ಪುಗಳು ಕೈಯಲ್ಲಿದ್ದವು. ಹಳೆಯದು ಇನ್ನೂ ಸಿಕ್ಕಿಲ್ಲ.

ಊಟದ ಹೊತ್ತಿಗೆ ಹಳೇ ರೇಡಿಯೇಟರ್ ಹೊರಗೆ, ಹೊಸದು ಒಳಗೆ. ಇದರ ಬಗ್ಗೆ ಬರೆಯುವಂಥದ್ದೇನಿಲ್ಲ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಬಿಚ್ಚುವಾಗ ಕೈ ತರಚಿತು.

ಕೂಲರ್ ಜೊತೆ ಪ್ಲಾಸ್ಟಿಕ್ ಕಡ್ಡಿಗಳ ಪೊಟ್ಟಣವೊಂದು ಬಂದಿತ್ತು. ಕಂಡೆನ್ಸರಿನ ರೆಕ್ಕೆಗಳ ನಡುವೆ ತೂರಿಸಿ ಬಿಗಿದರೆ ಹತ್ತು ನಿಮಿಷದಲ್ಲಿ ಕೆಲಸ ಆಗುತ್ತದೆ. ನಾನು ಅದನ್ನು ಕಸದ ಡಬ್ಬಿಗೆ ಎಸೆಯುವವರೆಗೂ ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಅಲುಗಿ ಅಲುಗಿ ಆ ಕಡ್ಡಿ ಏಸಿಯ ಕೊಳವೆಯನ್ನೇ ಸವೆಸುತ್ತದೆ. ಬದಲಿಗೆ ಅಲ್ಯುಮಿನಿಯಂ ಪಟ್ಟಿ ಕೊಯ್ದು, ಬಗ್ಗಿಸಿ, ಬಾನೆಟ್ ಲಾಕಿನ ನಡುಗಂಬಕ್ಕೂ ಮೇಲಿನ ಅಡ್ಡಪಟ್ಟಿಗೂ ಬೋಲ್ಟ್ ಹಾಕಿದೆ, ಜೋಡಣೆಯಲ್ಲಿ ರಬ್ಬರ್ ವಾಷರ್. ಕೂಲರಿಗೂ ಕಂಡೆನ್ಸರಿಗೂ ಅರ್ಧ ಇಂಚು ಸಂದು. ಪೈಪಿನ ಬಾಯಿಗಳು ಮೇಲ್ಮುಖ. ಕೆಳಮುಖ ಇಟ್ಟರೆ ಗಾಳಿ ಸಿಕ್ಕಿಕೊಂಡು ಅರ್ಧ ಕೂಲರ್ ಖಾಲಿ ಇರುತ್ತದೆ.

ಏಪ್ರಿಲ್ 14, ಭಾನುವಾರ

ವಾಪಸಿನ ಉಕ್ಕಿನ ಪೈಪನ್ನು ನೇರ ಇರುವ ಕಡೆ ಕತ್ತರಿಸಿದೆ. ಗರಗಸ ಅಲ್ಲ, ಸುತ್ತ ತಿರುಗಿಸುವ ಪೈಪ್ ಕಟರ್. ಗರಗಸದ ಉಕ್ಕಿನ ಪುಡಿ ಒಳಗೆ ಹೋದರೆ ನೇರ ಗೇರ್‌ಬಾಕ್ಸಿಗೆ. ಕತ್ತರಿಸಿದ ಎರಡೂ ತುದಿಗೆ ಫ್ಲೇರಿಂಗ್ ಸಾಧನದಿಂದ ಸಣ್ಣ ಉಬ್ಬು ಕೊಟ್ಟೆ. ರಬ್ಬರ್ ಹೋಸ್ ಈ ಉಬ್ಬು ದಾಟಿ ಕೂರಬೇಕು, ಕ್ಲಾಂಪು ಉಬ್ಬಿನ ಹಿಂದೆ ಬರಬೇಕು. ಉಬ್ಬಿಲ್ಲದ ನುಣುಪು ಪೈಪಿಗೆ ಹೋಸ್ ತೊಡಿಸಿ ಬಿಗಿದರೆ ಬಿಸಿ, ಒತ್ತಡ, ಅಲುಗಾಟ ಮೂರೂ ಸೇರಿ ಒಂದಲ್ಲ ಒಂದು ದಿನ ಹೆದ್ದಾರಿ ಮಧ್ಯೆ ಕಳಚಿಕೊಳ್ಳುತ್ತದೆ, ನಿಮಿಷದಲ್ಲಿ ಎಣ್ಣೆ ಎಲ್ಲ ರಸ್ತೆ ಮೇಲೆ.

ಹೋಸ್ ವಿಷಯದಲ್ಲಿ ಜಿಪುಣತನ ಮಾಡಬಾರದು. ಪೆಟ್ರೋಲ್ ಹೋಸ್ ನೋಡಲು ಹಾಗೇ ಇರುತ್ತದೆ, ಅಂಗಡಿಯಲ್ಲಿ ಅದೇ ಕೈಗೆ ಸಿಗುತ್ತದೆ. ಬೇಕಾದದ್ದು ಮೈಮೇಲೆ ಎಸ್‌ಎಇ ಜೆ1532 ಅಂತ ಅಚ್ಚಾಗಿರುವ, ಗೇರ್‌ಬಾಕ್ಸ್ ಎಣ್ಣೆಗೇ ಮಾಡಿದ ಹೋಸ್. ಕ್ಲಾಂಪು ಕೂಡ ಹಲ್ಲಿನ ಪಟ್ಟಿಯದಲ್ಲ, ರಬ್ಬರನ್ನು ಕೊಯ್ಯದ ನುಣುಪು ಅಂಚಿನದು. ಹೋಸ್ ತಗಡಿನ ತೂತು ದಾಟುವ ಕಡೆ ರಬ್ಬರ್ ಗ್ರೋಮೆಟ್. ಗೇರ್‌ಬಾಕ್ಸಿಗೆ ಹೋಗುವ ಮುಂಚೆ ಒಂದು ಸಣ್ಣ ಆಯಸ್ಕಾಂತದ ಫಿಲ್ಟರ್ ಸೇರಿಸಿದೆ.

ಜೊತೆಗೇ ಚೇಂಬರ್ ಇಳಿಸಿ ಎಣ್ಣೆ, ಫಿಲ್ಟರ್ ಬದಲಾಯಿಸಿದ್ದಾಯಿತು. ಮಷಿನ್ ಹಾಕಿ ಇಡೀ ಗೇರ್‌ಬಾಕ್ಸ್ ಫ್ಲಶ್ ಮಾಡಿಸು ಅಂತ ಒಬ್ಬರು ಹೇಳಿದ್ದರು, ಯಜಮಾನರು ಬೇಡ ಅಂತ ತಲೆಯಾಡಿಸಿಬಿಟ್ಟರು. ಚೇಂಬರಿನಿಂದ ಬರುವುದು ಐದು ಕ್ವಾರ್ಟ್ ಚಿಲ್ಲರೆ, ಉಳಿದದ್ದು ಕನ್ವರ್ಟರ್ ಹೊಟ್ಟೆಯಲ್ಲೇ ಇರುತ್ತದೆ. ಇರಲಿ, ಮುಂದಿನ ಸಲ ಇನ್ನೊಂದು ಪಾಲು ಬದಲಾಗುತ್ತದೆ. ಚೇಂಬರಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು. ಉಗುರಿಗೆ ತಾಗುವ ಚೂರು ಒಂದೂ ಇಲ್ಲ. ಅವರು ಅದನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ, ಕುರ್ಚಿ ಮಡಚಿಕೊಂಡು ಮನೆಗೆ ಹೊರಟರು. ನನ್ನ ಗೇರ್‌ಬಾಕ್ಸ್ ಪಾಸಾಯಿತು ಅಂತ ಅದರಲ್ಲೇ ಗೊತ್ತಾಯಿತು.

ಎಣ್ಣೆ ತುಂಬಿಸಿ, ಬ್ರೇಕ್ ತುಳಿದು ಎಲ್ಲ ಗೇರಿಗೂ ಒಮ್ಮೊಮ್ಮೆ ಹಾಕಿ, ಬೀದಿ ಸುತ್ತಿ ಬಿಸಿ ಮಾಡಿ, ಸಮತಟ್ಟಿನಲ್ಲಿ ಪಾರ್ಕ್‌ನಲ್ಲಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಿದೆ. ಕೂಲರ್ ಮತ್ತು ಹೋಸುಗಳು ಕುಡಿದದ್ದಕ್ಕೆ ಮುಕ್ಕಾಲು ಕ್ವಾರ್ಟ್‌ನಷ್ಟು ಮೇಲೆ ಸೇರಿಸಬೇಕಾಯಿತು.

ಏಪ್ರಿಲ್ 28, ಭಾನುವಾರ

ಬೀಲೈನ್, ಅದೇ ಟ್ರೇಲರ್, ಮೂರನೇ ಗೇರು, 55 ಮೈಲಿ. ಮಾರ್ಚ್‌ಗಿಂತ ಹವೆ ಬಿಸಿ. ಸನ್‌ಫ್ಲವರ್ 168. ಏರಿನ ತುದಿಯಲ್ಲಿ 189.

ಇಳಿಯುವಾಗ ಎರಡನೇ ಗೇರಿಗೆ ಹಾಕಿದ್ದೆ, ಬ್ರೇಕ್ ಹೆಚ್ಚು ತುಳಿಯಲಿಲ್ಲ. ಹತ್ತಿದ ಗೇರಲ್ಲೇ ಇಳಿ, ಬೇಕಾದರೆ ಒಂದು ಕಡಿಮೆ ಹಾಕು ಅನ್ನುವುದು ಶಿರಾಡಿಯ ನಿಯಮ. ಅಣ್ಣ ಇದನ್ನು ನನಗೆ ಸೈಕಲ್ ಕಲಿಸುವ ಮೊದಲೇ ಹೇಳಿಕೊಟ್ಟಿದ್ದ. ಮನೆಗೆ ಬಂದು ರಟ್ಟು ಹಾಸಿ ಗಾಡಿ ಕೆಳಗೆ ಮಲಗಿ ನೋಡಿದೆ. ಕೂಲರಿನ ಎಡಗಡೆಯ ಕ್ಲಾಂಪಿನಲ್ಲಿ ಎಣ್ಣೆಯ ತೇವ, ಹನಿಯಲ್ಲ. ಅರ್ಧ ಸುತ್ತು ಬಿಗಿದೆ.

ಜೂನ್ 8, ಶನಿವಾರ

ಈ ವಾರ 110 ದಾಟಿತು. ಟ್ರೇಲರ್ ಇಲ್ಲದೆಯೇ, ಮಧ್ಯಾಹ್ನ ಮೂರಕ್ಕೆ, ಬೇಕೆಂದೇ ಟ್ರಾಫಿಕ್ ಇರುವ ರಸ್ತೆಗಳಲ್ಲಿ ಸುತ್ತಿದೆ. ಓಡುವಾಗ 180ರ ಆಸುಪಾಸು. ಉದ್ದನೆ ಸಿಗ್ನಲ್‌ಗಳಲ್ಲಿ ನಿಂತಾಗ ನಿಧಾನವಾಗಿ ಏರಿ 197ರಲ್ಲಿ ನಿಂತುಬಿಟ್ಟಿತು, ಮುಂದಕ್ಕೆ ಹೋಗಲಿಲ್ಲ. ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದದ್ದು ಹೆಚ್ಚಾಗಿ ರೇಡಿಯೇಟರಿನೊಳಗಿನ ಕೊಳವೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನ ಕೂಲರ್‌ಗೆ ಸಿಗುತ್ತಿದ್ದದ್ದು ಇಂಜಿನ್ ಫ್ಯಾನ್ ಎಳೆಯುವ ಬಿಸಿಗಾಳಿ ಮಾತ್ರ.

ಏಸಿ ಸ್ವಲ್ಪ ಮಂಕಾಗಿದೆ ಅಂತ ಇವಳ ದೂರು. ಕಂಡೆನ್ಸರ್ ಮುಂದೆ ಇನ್ನೊಂದು ಬಿಸಿ ವಸ್ತು ಕೂತಿದೆ, ಅಷ್ಟು ಬೆಲೆ ತೆರಬೇಕಾಗಬಹುದು ಅಂದೆ. ಅವಳು ಒಪ್ಪಲಿಲ್ಲ. ಗ್ಯಾಸ್ ಒತ್ತಡ ಅಳೆಯುವ ಗೇಜನ್ನು ಎದುರುಮನೆಯಿಂದ ನಾಳೆ ಕೇಳಿ ತರುತ್ತೇನೆ.